ಎಲ್ಲರ ಹೊಲಕ್ಕೂ ಬಿದ್ದ ಮಳೆ

“ಗುರುಗಳೇ, ನಮ್ಮಂಥ ಸಂಸ್ಥೆ ಎಷ್ಟು ಅಪಾಯವನ್ನು ತಡೆದುಕೊಳ್ಳಬಹುದು?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಊರಿನ ಪತ್ತಿನ ಸಂಘದ ಅಧ್ಯಕ್ಷ. ಜನ ಇಟ್ಟ ಠೇವಣಿಯಲ್ಲಿ ಸ್ವಲ್ಪವನ್ನಷ್ಟೇ ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಹೆಚ್ಚಿನ ಬಡ್ಡಿಗೆ ಬಿಡುವ ಆಲೋಚನೆಯಲ್ಲಿದ್ದ. “ಹೇಗೂ ಎಲ್ಲರೂ ಒಂದೇ ದಿನ ಬಂದು ಕೇಳುವುದಿಲ್ಲವಲ್ಲ” ಎಂದೂ ಸೇರಿಸಿದ.

ಗುರುಗಳಿಗೆ ಸಿಟ್ಟು ಬಂತು. ಆದರೂ ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಕಣಜಕ್ಕೆ ಇಲಿ ನುಗ್ಗುತ್ತಿರಲಿಲ್ಲ, ನೀರು ಇಳಿಯುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಸುತ್ತಲಿನ ರೈತರು ಬಿತ್ತನೆಗೆಂದು ತೆಗೆದಿಟ್ಟ ಜೋಳವನ್ನು ಅವನ ವಶಕ್ಕೆ ಕೊಡುತ್ತಿದ್ದರು. ಕಾಯ್ದದ್ದಕ್ಕೆ ಅವನಿಗೊಂದು ಪಾಲು ಸಿಗುತ್ತಿತ್ತು. ಅದು ಅವನಿಗೆ ಸಾಲಲಿಲ್ಲ. ಆ ಸೀಮೆಯಲ್ಲಿ ಮಳೆ ಇಂದು ಒಂದೂರಿಗೆ ಬಿದ್ದರೆ ಇನ್ನೊಂದೂರಿಗೆ ಬೀಳಲು ವಾರವಾಗುತ್ತಿತ್ತು. ಹಾಗಾಗಿ ಜನ ಬೀಜ ಕೇಳಲು ಬಿಡಿಬಿಡಿಯಾಗಿ ಬರುತ್ತಿದ್ದರು. ಇದನ್ನು ಕಂಡುಕೊಂಡ ವರ್ತಕ ಕಣಜದ ಬಹುಪಾಲನ್ನು ಬೇಸಿಗೆಯಲ್ಲೇ ಒಳ್ಳೆಯ ಬೆಲೆಗೆ ಮಾರತೊಡಗಿದ. ಮೊದಲು ಬಂದವರಿಗೆ ಉಳಿದದ್ದನ್ನು ಕೊಟ್ಟು, ಆಮೇಲೆ ಬರುವವರಿಗೆ ಸಂತೆಯಲ್ಲಿ ಕೊಂಡು ತುಂಬುತ್ತಿದ್ದ. ಕೆಲವು ವರ್ಷ ಯಾರಿಗೂ ತಿಳಿಯಲಿಲ್ಲ. ತಾನು ಬಲು ಜಾಣನೆಂದು ಅವನು ನಂಬಿದ. ಸಿಕ್ಕಿಬೀಳದ ಕಳ್ಳರೆಲ್ಲ ಹಾಗೆಯೇ ನಂಬುತ್ತಾರೆ.

ಒಂದು ವರ್ಷ ಹದವಾದ ಮಳೆ ನಾಡಿಗೆಲ್ಲ ಒಟ್ಟಿಗೆ ಬಿತ್ತು. ಬೆಳಗಾಗುತ್ತಲೇ ರೈತರೆಲ್ಲ ಚೀಲ ಹಿಡಿದು ಬಂದರು. ಸ್ವಲ್ಪ ಹೊತ್ತಿಗೇ ಕಣಜದ ತಳ ಕಂಡಿತು. ಸಂತೆಯಲ್ಲೂ ಬೀಜವಿರಲಿಲ್ಲ. ಎಲ್ಲ ಊರಿನವರಿಗೂ ಅದೇ ದಿನ ಬೀಜ ಬೇಕಾಗಿತ್ತು.

“ಸಾವ್ಕಾರ್ರ, ಬಿತ್ತಾಕ ಕೂರಿಗಿ ಹೂಡಿ ಎತ್ತು ಹೊಲದಾಗ ನಿಲ್ಲಿಸಿ ಬಂದೀನಿ. ನಾ ಇಟ್ಟ ಬೀಜ ಎಲ್ಲೈತಿ?” ಎಂದು ಒಬ್ಬ ರೈತ ಕೇಳಿದ.

“ಇಂಥಾ ಮಳಿ ಬರತೈತಿ ಅಂತ ಯಾರಿಗೆ ಗೊತ್ತಿತ್ತಪಾ? ಇದು ನನ್ನ ಕೈ ಮೀರಿದ ಮಾತು” ಎಂದ ವರ್ತಕ.

ಕೇಳಿದೆಯಾ? ನಾಡೆಲ್ಲ ಕೈಮುಗಿದು ಬೇಡಿಕೊಂಡ ಮಳೆ ಅದು! ಅದು ಬಂದದ್ದೇ ಅವನಿಗೆ ವಿಪತ್ತಾಯಿತಂತೆ. ನಾಚಿಕೆಗೆಟ್ಟವನು! ರೈತ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿರುಗಿದ, ಎತ್ತುಗಳ ಕೊರಳಿನಿಂದ ನೊಗ ಇಳಿಸಿದ. ಬಿಸಿಲು ಬಿತ್ತು, ನೆಲದ ಹಸಿ ಆರಿತು. ಮಳೆ ಅಷ್ಟು ಚೆನ್ನಾಗಿದ್ದ ವರ್ಷ ಅವನ ಹೊಲದಲ್ಲಿ ಏನೂ ಬೆಳೆಯಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: “ವರ್ತಕ ಆ ಹೊಡೆತವನ್ನು ತಡೆದುಕೊಂಡನೇ?”

“ಹಾಯಾಗಿ ತಡೆದುಕೊಂಡ, ಮಾರಿದ ದುಡ್ಡು ಅವನ ಕೈಯಲ್ಲೇ ಇತ್ತಲ್ಲ. ನಿನ್ನ ಸಂಘವೂ ತಡೆದುಕೊಳ್ಳುತ್ತದೆ ಹೋಗು. ಉಪವಾಸ ಬೀಳುವವರು ನಿನ್ನನ್ನು ನಂಬಿದವರು.”