ಸುಂಟರಗಾಳಿ ಹುಡುಕುವ ಕೆಂಡ

ಕೇಳು ಮಗಾ. ಆಗ ನೆಲ ಇನ್ನೂ ಹಸಿ. ಇದ್ದದ್ದು ಒಂದೇ ದಾರಿ. ಸಮುದ್ರದಿಂದ ಘಟ್ಟ ಹತ್ತಿ ಬಯಲಿಗೆ ಇಳಿಯೋ ದಾರಿ. ಎತ್ತಿನ ಗೊರಸು ತುಳಿದು ತುಳಿದು ಆಗಿದ್ದು.

ಆಗ ಗಾಳಿ ನೆಟ್ಟಗೆ ನಡೀತಿತ್ತು. ಸುತ್ತುತ್ತಿರಲಿಲ್ಲ.

ಗೋಮ್ಲಿ ಅಂತ ಒಬ್ಬ ಲಂಬಾಣಿ ಹೆಂಗಸು. ಅವಳ ಜನ ಎತ್ತಿನ ಮೇಲೆ ಉಪ್ಪು ಹೇರಿ ಬಯಲಿಗೆ ಹೋಗೋರು. ಘಟ್ಟದ ನೆತ್ತಿಯಲ್ಲಿ ತಂಗೋರು. ಹೊರಡುವಾಗ ಗೋಮ್ಲಿ ಒಲೆ ಕೆಡಿಸುತ್ತಿರಲಿಲ್ಲ. ಮೂರು ಕಲ್ಲು ಹಾಗೇ ಬಿಡೋಳು. ನಡುವೆ ಕೆಂಡ ಇಟ್ಟು ಬೂದಿ ಮುಚ್ಚೋಳು. ಹಿಂದೆ ಬರೋರಿಗೆ ಅಂತ. ನಿಮ್ಮಜ್ಜಿಯೂ ಹಾಗೇ ಮುಚ್ಚೋಳು.

ಹಿಂದೆ ಬರೋರು ಮೆಣಸಿನ ಜನ. ಅವರ ಮಾತು ಇವರಿಗೆ ಬಾರದು, ಇವರದು ಅವರಿಗೆ ಬಾರದು. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಅವರು ಆ ಕೆಂಡ ಊದಿ ಗಂಜಿ ಕಾಸೋರು. ಕಲ್ಲಿನ ಮೇಲೆ ಒಂದು ಹಿಡಿ ಮೆಣಸು ಇಟ್ಟು ಹೋಗೋರು. ಗೋಮ್ಲಿ ತಿರುಗಿ ಬರುವಾಗ ಅದು ಅಲ್ಲಿರೋದು. ಅಷ್ಟೇ ನೆಂಟಸ್ತನ.

ಆ ಸಲ ಚಳಿ ಜೋರು. ಹಿಂದಿನವರಲ್ಲಿ ಒಬ್ಬಳು ಬಾಣಂತಿ ಇದ್ದಾಳೆ ಅಂತ ಕಾಗೆ ಸುದ್ದಿ ತಂತು. ಗೋಮ್ಲಿ ಗಾಳಿಯನ್ನು ಕರೆದಳು.

"ಕೆಂಡ ಆರಬಾರದಪ್ಪ. ಆಗಾಗ ಮೆಲ್ಲಗೆ ಉಸಿರು ಬಿಡು. ಎಲ್ಲೂ ಹೋಗಬೇಡ."

ಗಾಳಿ ಕೂತಿತು. ಕೂತಲ್ಲಿ ಕೂರೋ ಜಾತಿ ಅಲ್ಲ ಅದು. ಎತ್ತಿನ ಗಂಟೆ ದೂರ ಆಗ್ತಾ ಹೋಯ್ತು. ಬಯಲಲ್ಲಿ ಏನಿದೆಯೋ, ಒಂದು ಸಲ ನೋಡಿ ಬಂದರಾಯ್ತು ಅಂತ ಎದ್ದಿತು.

"ಎಲ್ಲಿಗೆ ಸವಾರಿ?" ಅಂತು ಕಾಗೆ.

"ಇಲ್ಲೇ" ಅಂತು ಗಾಳಿ.

ತಿರುಗಿ ಬಂದಾಗ ಬೂದಿ ತಣ್ಣಗಿತ್ತು. ಒಲೆ ಮುಂದೆ ಮೆಣಸಿನ ಜನ. ಬಾಣಂತಿಯ ಮಡಿಲಲ್ಲಿ ಎಳೇ ಮಗು ನೀಲಿಗಟ್ಟಿತ್ತು. ಮುದುಕಿಯೊಬ್ಬಳು ಬೆರಳಲ್ಲಿ ಬೂದಿ ಕೆದಕುತ್ತಿದ್ದಳು.

"ಕೆಂಡ ಎಲ್ಲಿ?" ಅಂದಳು.

ಗಾಳಿ ಕೆಂಡ ಹುಡುಕಿಕೊಂಡು ಓಡಿತು.

ದಾರಿಯ ಹಳೇ ಒಲೆ ಒಂದೊಂದನ್ನೂ ಸುತ್ತಿತು. ಬೂದಿ ಎತ್ತಿತು. ತರಗೆಲೆ ಎತ್ತಿತು. ಕೆಳಗೆ ನೋಡಿತು. ಇಲ್ಲ. ಮುಂದಿನ ಒಲೆ. ಅಲ್ಲೂ ಇಲ್ಲ.

ಇತ್ತ ಮೆಣಸು ಹೊತ್ತು ಬಂದ ಒಂದು ಎತ್ತು ತಾನಾಗೇ ಬಂದು ಬಾಣಂತಿಯ ಪಕ್ಕ ಮಲಗಿತು. ಅದರ ಹೊಟ್ಟೆಗೆ ಒತ್ತಿ ಮಗುವನ್ನು ಮಲಗಿಸಿದರು. ಎತ್ತು ಅಲುಗಾಡಲಿಲ್ಲ. ಮಗು ಬದುಕಿತು. ಹೊರಡುವಾಗ ಮುದುಕಿ ಕಲ್ಲಿನ ಮೇಲೆ ಮೆಣಸು ಇಟ್ಟೇ ಹೋದಳು.

ಗಾಳಿಗೆ ಇದು ಗೊತ್ತಿಲ್ಲ.

ಅದಕ್ಕೇ ನೋಡು, ಬಿರುಬಿಸಿಲಲ್ಲಿ ನೆಲ ಎಲ್ಲಿ ಸುಡುತ್ತೋ ಅಲ್ಲಿ ಸುಂಟರಗಾಳಿ ಸುತ್ತುತ್ತೆ. ಕೆಳಗೆ ಕೆಂಡ ಇದೆ ಅಂದುಕೊಳ್ಳುತ್ತೆ. ದೂಳು ಎತ್ತಿ, ತರಗೆಲೆ ಎತ್ತಿ ನೋಡುತ್ತೆ. ಮುಂದಕ್ಕೆ ಹೋಗುತ್ತೆ. ಮಗು ಬದುಕಿತು ಕಣೋ ಅಂತ ಹೇಳೋಣ ಅಂದರೆ, ನಿಲ್ಲೋದಿಲ್ಲ.