ಟ್ಯಾಂಕಿನ ತಳದ ಅರ್ಧ ಗಂಟೆ

ಟ್ಯಾಂಕಿನ ತಳದಲ್ಲಿದ್ದ ಮೀಸಲು ಇಂಧನವನ್ನು ಕಂಡರೆ ವಿಮಾನಕ್ಕೆ ಆಗುತ್ತಿರಲಿಲ್ಲ. ಅರ್ಧ ಗಂಟೆ ಹಾರಲು ಸಾಕಾಗುವಷ್ಟಿದ್ದ ಅದು ಒಂದು ದಿನವೂ ಉರಿದದ್ದಿಲ್ಲ.

ಒಂದು ಬೆಳಿಗ್ಗೆ ಇಳಿಯಬೇಕಾದ ಊರಿನ ರನ್‌ವೇಗೆ ಮಂಜು ಕವಿಯಿತು. ವಿಮಾನ ಮೇಲೆಯೇ ಸುತ್ತು ಹಾಕುತ್ತಾ ಕಾಯಿತು. ಕೊನೆಗೆ ಪಕ್ಕದ ಊರು ತಲುಪುವಷ್ಟು ಇಂಧನ ಮತ್ತು ಆ ಮೀಸಲು ಮಾತ್ರ ಉಳಿದವು.

"ಹನ್ನೊಂದು ವರ್ಷದಿಂದ ನಿನ್ನನ್ನು ಬಿಟ್ಟಿ ಹೊತ್ತಿದ್ದೇನೆ," ಎಂದಿತು ವಿಮಾನ. "ಇವತ್ತಾದರೂ ಉರಿ. ಇನ್ನೆರಡು ಸುತ್ತು ಕಾಯೋಣ."

"ಮಂಜು ನಿನ್ನ ಕಣ್ಣಿಗೆ ಕಾಣುತ್ತಿದೆ," ಎಂದಿತು ಮೀಸಲು. "ನಾನಿರುವುದು ಕಣ್ಣಿಗೆ ಕಾಣದ ಆಪತ್ತಿಗೆ."

ಕ್ಯಾಪ್ಟನ್ ಬೊಳ್ಳಮ್ಮ ಇಂಧನದ ಮುಳ್ಳು ನೋಡಿದರು. ವಿಮಾನವನ್ನು ಪಕ್ಕದ ಊರಿಗೆ ತಿರುಗಿಸಿದರು.

ಅಲ್ಲಿ ಒಳ್ಳೆಯ ಬಿಸಿಲಿತ್ತು. ಚಕ್ರಗಳು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಒಂದು ನಾಯಿ ರನ್‌ವೇ ನಡುವೆ ಬಂದು ನಿಂತಿತು. ಬೊಳ್ಳಮ್ಮ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು.

"ಈಗ ನನ್ನ ಕೆಲಸ," ಎಂದು ಮೀಸಲು ಮೊದಲ ಬಾರಿಗೆ ಉರಿಯಿತು. ವಿಮಾನ ದೊಡ್ಡದೊಂದು ಸುತ್ತು ಹಾಕುವಷ್ಟರಲ್ಲಿ ನಾಯಿ ಓಡಿಹೋಗಿತ್ತು; ವಿಮಾನ ಗರ್ಜಿಸುತ್ತಾ ಬಂದು ಇಳಿಯಿತು. ಒಳಗಿದ್ದ ನೂರೆಂಬತ್ತು ಜನ ಚಪ್ಪಾಳೆ ತಟ್ಟಿದರು.

ಇಂಧನದ ಲಾರಿ ಬಂದು ಪೈಪು ಜೋಡಿಸಿದಾಗ ವಿಮಾನ ಹೇಳಿತು: "ಮೊದಲು ಈ ಮೀಸಲಿನ ಪಾಲು ತುಂಬು. ನನ್ನದು ಆಮೇಲೆ."