ಕೆಂಪಿಯ ಫ್ಯಾನು

"ಕೇಳ್ರಪ್ಪೋ ಕೇಳಿ! ಮಹಾರಾಜ ಭುಜಬಲರಾಯರ ಅಪ್ಪಣೆ! ಅರಮನೆಯ ದೋಣಿಯ ಫ್ಯಾನು ಕಚ್ಚಿಕೊಂಡಿದೆ. ರಾಜಕುಮಾರಿಯವರ ಮೂರು ಒಗಟು ಬಿಡಿಸಿ ಅದನ್ನು ಕಳಚಿದವನಿಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನೂ ಕೊಡಲಾಗುವುದು. ಉತ್ತರ ತಪ್ಪಿದವನ ತಲೆ ತೆಗೆಯಲಾಗುವುದು!"

ಡಂಗುರದವನು ಮೀನುಗಾರರ ಕೇರಿಯಲ್ಲೂ ನಾಚಿಕೆಯಿಲ್ಲದೆ ಹೀಗೆ ಕೂಗಿಕೊಂಡು ಹೋದ. ಅರಮನೆಯ ದೋಣಿಯಂತೆ! ಅದು ಇದೇ ಕೇರಿಯ ಹುಡುಗ ಜಟ್ಟಪ್ಪನ ಅಪ್ಪ ಕಟ್ಟಿಸಿದ ದೋಣಿ. ಕೆಂಪು ಬಣ್ಣ ಬಳಿದು ಕೆಂಪಿ ಎಂದು ಕರೆದು, ಅದರಲ್ಲೇ ದುಡಿದು ಸತ್ತ. ಅವನ ತಿಥಿ ಮುಗಿಯುವ ಮುಂಚೆ ರಾಜ ಅದನ್ನು ನೋಡಿ "ಚೆನ್ನಾಗಿದೆ" ಎಂದ. ರಾಜ ಚೆನ್ನಾಗಿದೆ ಎಂದ ಮೇಲೆ ಮುಗಿಯಿತಲ್ಲ. ಸೈನಿಕರು ಬಂದು ಎಳೆದುಕೊಂಡು ಹೋದರು, ಬಿಳಿ ಬಣ್ಣ ಬಳಿದು ಅರಮನೆಯ ಮುಂದೆ ನೀರಲ್ಲಿ ಕಟ್ಟಿಹಾಕಿದರು. ಜಟ್ಟಪ್ಪನ ತಾಯಿ ಮಾದೇವಿ ಅಂದಿನಿಂದ ಬೇರೆಯವರ ಮೀನಿನ ಬುಟ್ಟಿ ಹೊತ್ತು ಬದುಕಿದಳು.

ರಾಜರ ಕಾಲದಲ್ಲಿ ಇಂಜಿನ್ ದೋಣಿ ಎಲ್ಲಿತ್ತು ಎಂದು ನನ್ನನ್ನು ಕೇಳಬೇಡಿ. ಇಂಥ ರಾಜರು ಯಾವ ಕಾಲದಲ್ಲಿ ಇರಲಿಲ್ಲ, ಅದನ್ನು ಹೇಳಿ.

ಈಗ ಹುಟ್ಟುಹಬ್ಬಕ್ಕೆ ಸವಾರಿ ಹೋಗುವ ಆಸೆ ರಾಜನಿಗೆ. ಆಳುಗಳು ಇಂಜಿನ್ ಶುರು ಮಾಡಿ ಎಳೆದಾಡಿ, ಫ್ಯಾನು ತಿರುಗಿಸುವ ಉದ್ದನೆಯ ಶಾಫ್ಟು ಬಗ್ಗಿಸಿದ್ದರು. ಹೊಸದು ಹಾಕಬೇಕಾದರೆ ಒಂದು ತುದಿಯಲ್ಲಿ ನೀರು ತಳ್ಳುವ ಫ್ಯಾನು ಬಿಚ್ಚಬೇಕು, ಇನ್ನೊಂದು ತುದಿಯಲ್ಲಿ ಶಾಫ್ಟನ್ನು ಇಂಜಿನ್ನಿಗೆ ಸೇರಿಸುವ ಕಪ್ಲಿಂಗ್ ಬಿಚ್ಚಬೇಕು. ಎರಡೂ ಶಾಫ್ಟಿಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ದೋಣಿಯನ್ನು ದಡಕ್ಕೆ ಎಳೆದು ಅದರ ಪಕ್ಕದಲ್ಲೇ ಸಭೆ ಸೇರಿಸಿದರು. ರಾಜಕುಮಾರಿ ಚೆನ್ನಾಂಬೆ ಮೊದಲ ಒಗಟು ಹೇಳಿದಳು. "ಬಿಗಿದಷ್ಟೂ ಬಿಟ್ಟುಕೊಳ್ಳುವ ಗಂಟು ಯಾವುದು?"

ಮಂತ್ರಿಯ ಮಗ ಮೀಸೆ ತಿರುವಿ "ಮದುವೆಯ ಗಂಟು" ಎಂದ. ಅವನನ್ನು ಸೆರೆಮನೆಗೆ ಒಯ್ದರು. ದಂಡನಾಯಕ "ಶತ್ರುವಿನ ಮುಷ್ಟಿ" ಎಂದು ಅವನ ಹಿಂದೆಯೇ ಹೋದ. ಅರಮನೆಯ ಕಮ್ಮಾರ ಮಾತ್ರ ಕಪ್ಲಿಂಗ್ ಎಂದು ಸರಿಯಾಗಿ ಹೇಳಿದ. ಅವನಿಗೆ ಎರಡನೆಯ ಒಗಟು ಬಂತು. "ಕೈದಿಯ ಬೇಡಿ ಸಡಿಲಿಸಬೇಕು, ಕಳಚಬಾರದು. ಕಳಚಿದರೆ ಬಿಡಿಸಿದವನಿಗೇ ಪೆಟ್ಟು. ಯಾವ ಬೇಡಿ?" ಕಮ್ಮಾರ ತಡಬಡಿಸಿ "ಆನೆಯ ಸರಪಳಿ" ಎಂದ. ಪಾಪ, ಅವನನ್ನೂ ಎಳೆದೊಯ್ದರು. ಮರುದಿನ ಬೆಳಿಗ್ಗೆ ಮೂವರ ತಲೆಯೂ ಹೋಗುವುದಿತ್ತು. ಒಂದು ಸವಾರಿಯ ಶೋಕಿಗೆ!

ಆಗ ಜಟ್ಟಪ್ಪ ಮುಂದೆ ಬಂದ. ತಾಯಿ ಅವನ ತೋಳು ಹಿಡಿದಳು. "ಬೇಡ ಮಗಾ. ದೋಣಿ ಹೋದದ್ದು ಸಾಕು, ನೀನೂ ಹೋಗ್ಬೇಡ."

"ನಮ್ಮ ದೋಣಿಗೆ ಇವರು ಸುತ್ತಿಗೆ ಬಡಿಯೂದನ್ನ ನೋಡ್ತಾ ನಿಲ್ಲೂಕೆ ಆಗೂದಿಲ್ಲ ಅಬ್ಬೆ" ಎಂದು ಅವನು ಕೈ ಬಿಡಿಸಿಕೊಂಡ.

ಅವನು ಬಾಯಲ್ಲಿ ಉತ್ತರ ಹೇಳಲಿಲ್ಲ, ಕೈಯಲ್ಲಿ ತೋರಿಸಿದ. ಕಪ್ಲಿಂಗನ್ನು ಇಂಜಿನ್ನಿನಿಂದ ಬೇರೆ ಮಾಡಿ, ನಡುವೆ ಶಾಫ್ಟಿನ ತುದಿಗೆ ತಾಗುವಂತೆ ಒಂದು ಕಬ್ಬಿಣದ ತುಂಡು ಇಟ್ಟ. ಎರಡನ್ನೂ ಸೇರಿಸಿ ಉದ್ದನೆಯ ಬೋಲ್ಟುಗಳನ್ನು ಹಾಕಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದ. ಬಿಗಿದಂತೆಲ್ಲ ತುಂಡು ಶಾಫ್ಟನ್ನು ಹಿಂದಕ್ಕೆ ಒತ್ತಿತು, ಕಪ್ಲಿಂಗ್ ಠಣ್ ಎಂದು ಬಿಟ್ಟುಕೊಂಡಿತು. ಆಮೇಲೆ ಫ್ಯಾನಿನ ನಟ್ಟನ್ನು ಸಡಿಲಿಸಿ ತುದಿಯಲ್ಲೇ ಉಳಿಸಿದ. ಫ್ಯಾನಿನ ನಡುಭಾಗಕ್ಕೆ ಬಿಸಿನೀರಿನ ಬಟ್ಟೆ ಸುತ್ತಿ, ಒಂದು ಕಡೆ ಭಾರದ ಸುತ್ತಿಗೆ ಒತ್ತಿ ಹಿಡಿದು ಇನ್ನೊಂದು ಕಡೆಯಿಂದ ಹೊಡೆದ. ಫ್ಯಾನು ಹಿಂದಕ್ಕೆ ಚಿಮ್ಮಿ ನಟ್ಟಿಗೆ ಬಡಿದು ನಿಂತಿತು.

"ಬೇಡಿ ಪೂರ್ತಿ ಕಳಚಿದ್ದರೆ ನನ್ನ ಕಾಲು ಮುರೀತಿತ್ತು" ಎಂದ.

ಸಭೆ ಕುಣಿಯಿತು. ರಾಜ ಆಗಲೇ ಸವಾರಿಯ ಪೇಟ ತರಿಸಿದ. ಆದರೆ ಚೆನ್ನಾಂಬೆ ಕೈ ಎತ್ತಿದಳು. "ದುಡಿಯುವಷ್ಟು ದಿನ ಬದುಕಿತ್ತು. ಸುಖವಾಗಿ ಕೂರಿಸಿದ ಮೇಲೆ ಸತ್ತಿತು. ಕೊಂದವರು ಯಾರು?"

"ಉಪ್ಪು ಅಂತ ಹೇಳೋ" ಎಂದು ಮಂತ್ರಿ ಜಟ್ಟಪ್ಪನಿಗೆ ಪಿಸುಗುಟ್ಟಿದ. ಮಗನನ್ನು ಕಳೆದುಕೊಳ್ಳಲಿದ್ದವನಿಗೂ ರಾಜನ ಮನಸ್ಸು ಕಾಯುವ ಚಿಂತೆಯೇ! ರಾಜನೂ ಉಪ್ಪಿಗೇ ಕಾಯುತ್ತಿದ್ದ. ಜಟ್ಟಪ್ಪ ಕೆಂಪಿಯ ಮೇಲಿನ ಬಿಳಿ ಬಣ್ಣ ನೋಡಿದ. ಅವನಿಗೆ ಮೈಯೆಲ್ಲ ಉರಿಯಿತು.

"ಒಡೆಯರೇ, ಉಪ್ಪು ಕಡಲಲ್ಲಿ ಯಾವತ್ತೂ ಉಂಟು. ನನ್ನ ಅಪ್ಪನ ಕಾಲದಲ್ಲಿ ಕಚ್ಚದ ಫ್ಯಾನು ಈಗ ಎಂತಕ್ಕೆ ಕಚ್ತು? ಮಳೆಗಾಲ ಬಂದ್ರೆ ನಾವು ದೋಣಿ ಮೇಲೆ ಎಳೀತೇವೆ. ಫ್ಯಾನು ಕಳಚಿ, ಗ್ರೀಸು ಹಚ್ಚಿ, ಮತ್ತೆ ಕೂರಿಸ್ತೇವೆ. ನೀವು ನೋಡೂಕೆ ಚೆಂದ ಅಂತ ಮಳೆಗಾಲದಲ್ಲೂ ನೀರಲ್ಲೇ ಕಟ್ಟಿ ಇಟ್ರಿ. ಕೊಂದದ್ದು ನೀವು!"

"ಇವನ ತಲೆ ತೆಗೆಯಿರಿ!" ಎಂದು ರಾಜ ಚೀರಿದ.

"ತೆಗೆಯುವಂತಿಲ್ಲ ಅಪ್ಪಾಜಿ" ಎಂದಳು ಚೆನ್ನಾಂಬೆ. "ಉತ್ತರ ಸರಿಯಾಗಿದೆ. ಹಿತ್ತಿಲಿಗೆ ಮೀನು ತರುವ ಹೆಂಗಸರನ್ನು ಕೇಳಿ ಕೇಳಿ ಕಟ್ಟಿದ ಒಗಟುಗಳು ಇವು. ಇಡೀ ಅರಮನೆಯಲ್ಲಿ ಈ ಮೂರನೆಯದಕ್ಕೆ ಬಾಯಿ ಬಿಡುವವರು ಒಬ್ಬರಿಲ್ಲವಲ್ಲ ಎಂದು ನನಗೆ ಎಷ್ಟು ಸಿಟ್ಟಿತ್ತು ಗೊತ್ತೇ? ಡಂಗುರ ಸಾರಿಸಿದ್ದು ನೀವೇ. ಮಾತು ನಡೆಸಿ."

ಊರಿಗೆ ಊರೇ ಕಿವಿಗೊಟ್ಟು ನಿಂತಿತ್ತು. ರಾಜ ಹಲ್ಲು ಕಚ್ಚಿ "ಅರ್ಧ ರಾಜ್ಯ ತೆಗೆದುಕೋ" ಎಂದ.

"ರಾಜ್ಯ ಬೇಡ. ರಾಜಕುಮಾರಿ ಅಮ್ಮನವರೂ ನನ್ನ ಮದುವೆ ಆಗ್ಬೇಕು ಅಂತ ಒಗಟು ಕಟ್ಟಿದ್ದಲ್ಲ. ಸೆರೆಯಲ್ಲಿದ್ದ ಮೂವರನ್ನ ಬಿಡಿ, ದೋಣಿ ಬಿಡಿ."

ರಾಜನಿಗೆ ಜೀವ ಬಂತು. "ಬಹುಮಾನ ಅಷ್ಟೇ ಸಾಕೇ?"

ಈಗ ಮಾದೇವಿ ಸೊಂಟಕ್ಕೆ ಕೈಯಿಟ್ಟು ಎದುರು ಬಂದಳು. "ಬಹುಮಾನವಾ? ನಮ್ಮದನ್ನ ನಮಗೆ ಕೊಡೂದಕ್ಕೆ ಬಹುಮಾನ ಅಂತ ಹೆಸರಿಡ್ಬೇಡಿ!"

ಬಿಡುಗಡೆಯಾದ ಕಮ್ಮಾರ ಹೊಸ ಶಾಫ್ಟು ಮಾಡಿಕೊಟ್ಟ. ಅಷ್ಟರೊಳಗೆ ಮಾದೇವಿ ಬಿಳಿ ಬಣ್ಣವನ್ನೆಲ್ಲ ಕೆರೆದು ತೆಗೆದಳು, ಒಳಗಿನ ಕೆಂಪು ಹಾಗೆಯೇ ಇತ್ತು. ಹುಟ್ಟುಹಬ್ಬದ ದಿನ ರಾಜ ಉಪ್ಪರಿಗೆಯಲ್ಲಿ ಪೇಟ ಸುತ್ತಿಕೊಂಡು ಕೂತಿದ್ದ. ಅವನ ಕಣ್ಣೆದುರೇ ಕೆಂಪಿ ಮೀನಿಗೆ ಹೊರಟಿತು.